ಮೊದಲು ಮಗು ನೋಡಲಿ
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳ ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರ ಅಪ್ಪಣೆಯಾಗಿದೆ. ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ತಿದ್ದಿಸುವವಳು ನಾನಾದ್ದರಿಂದ ಅದನ್ನೇ ಹೇಳುತ್ತೇನೆಂದು ಅವರು ಎಣಿಸಿರಬಹುದು. ಇವತ್ತು ಅಕ್ಷರವನ್ನು ಬದಿಗಿಟ್ಟು ಚಿತ್ರದ ಮಾತು ಆಡುತ್ತೇನೆ. ಚಿತ್ರ ಬರೆಯುವುದನ್ನಲ್ಲ, ನೋಡುವುದನ್ನು ಕುರಿತು. ಕಣ್ಣಿದ್ದವರೆಲ್ಲ ನೋಡುತ್ತಾರೆ, ಅದನ್ನೂ ಕಲಿಸಬೇಕೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಹೆಸರಾಂತ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆಂದು ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಜನ 17 ಸೆಕೆಂಡು ತುಂಬುವ ಮೊದಲೇ ಮುಂದೆ ಹೋಗಿದ್ದರು. ಇವರೆಲ್ಲ ಚಿತ್ರ ನೋಡಬೇಕೆಂದೇ ಮನೆಯಿಂದ ಹೊರಟು ಬಂದವರು, ನೆನಪಿರಲಿ. ಇನ್ನು ನಾವು ನಾಲ್ಕು ಗಂಟೆ ಕಾರು ಓಡಿಸಿ, ಪಾರ್ಕಿಂಗಿಗೆ ಹಣ ತೆತ್ತು, ನಟರಾಜನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದು ಕ್ಯಾಂಟೀನು ಎಲ್ಲಿ ಎಂದು ಹುಡುಕುವವರು. ನಮ್ಮ ಲೆಕ್ಕ ಎಷ್ಟು ಸೆಕೆಂಡು ಬರುತ್ತದೋ!

ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ. ಮಗು ಒಂದು ವಿಗ್ರಹದ ಕಡೆ ತಲೆಯೆತ್ತುವಷ್ಟರಲ್ಲಿ ನಾವು ಹೆಸರು ಹೇಳಿಬಿಡುತ್ತೇವೆ. "ನೋಡು, ಗಣಪತಿ. ಜೋತ ಮಾಡು." ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆಸರು ಕಿವಿಗೆ ಬಿದ್ದ ಗಳಿಗೆಗೆ ಕಣ್ಣು ತನ್ನ ಕೆಲಸ ಮುಗಿಯಿತೆಂದು ಮಲಗಿಬಿಡುತ್ತದೆ. ಗಣಪತಿಯ ಕೈಯಲ್ಲಿ ಏನಿತ್ತು, ಸೊಂಡಿಲು ಎಡಕ್ಕೆ ತಿರುಗಿತ್ತೋ ಬಲಕ್ಕೋ ಎಂದು ಮನೆಗೆ ಬಂದ ಮೇಲೆ ಕೇಳಿ. ಮಗುವಿಗೂ ಗೊತ್ತಿಲ್ಲ, ಕೈ ಮುಗಿಸಿದವರಿಗೂ ಗೊತ್ತಿಲ್ಲ.

ನ್ಯೂಯಾರ್ಕಿನಲ್ಲೇ ಇರುವ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಶಿಕ್ಷಣ ವಿಭಾಗಕ್ಕೆ 1983ರಿಂದ ಹತ್ತು ವರ್ಷ ಫಿಲಿಪ್ ಯೆನವೈನ್ ಎಂಬುವರು ಮುಖ್ಯಸ್ಥರಾಗಿದ್ದರು. ಅಲ್ಲಿ ಒಳ್ಳೆಯ ಮಾತುಗಾರರು ಚಿತ್ರಗಳ ಬಗ್ಗೆ ಚೆನ್ನಾಗಿಯೇ ಪಾಠ ಹೇಳುತ್ತಿದ್ದರು, ಜನ ಸಂತೋಷವಾಗಿಯೇ ಕೇಳುತ್ತಿದ್ದರು. ಪರೀಕ್ಷಿಸಿ ನೋಡಿದರೆ, ಕೇಳಿದ್ದರಲ್ಲಿ ಹೆಚ್ಚೇನೂ ತಲೆಯಲ್ಲಿ ಉಳಿದಿರಲಿಲ್ಲ. ಜನ ಚಿತ್ರದ ಮುಂದೆ ನಿಂತು ಮನಸ್ಸಿಗೆ ಬಂದದ್ದನ್ನು ಹೇಳುವಾಗ ಅವರ ಯೋಚನೆ ಹೇಗೆ ಸಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಅಬಿಗೇಲ್ ಹೌಸನ್ ಎಂಬ ಮನಶ್ಶಾಸ್ತ್ರಜ್ಞೆಯ ಜೊತೆ ಸೇರಿ ಅವರು ಒಂದು ಪದ್ಧತಿಯನ್ನು ರೂಪಿಸಿದರು. ಮೂರೇ ಪ್ರಶ್ನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಈ ಚಿತ್ರದಲ್ಲಿ ಏನು ನಡೀತಿದೆ? ಏನು ಕಂಡು ಹಾಗೆ ಹೇಳಿದೆ? ಇನ್ನೂ ಏನೇನು ಕಾಣುತ್ತೆ? ಹೇಳಿಕೊಡುವವರು ಸರಿ ತಪ್ಪು ಎನ್ನುವುದಿಲ್ಲ, "ವೆರಿ ಗುಡ್" ಕೂಡ ಹೇಳುವುದಿಲ್ಲ. ಮಗು ಹೇಳಿದ್ದನ್ನು ಚಿತ್ರದಲ್ಲಿ ಬೆರಳಿಟ್ಟು ತೋರಿಸುತ್ತಾರೆ, ಅದನ್ನೇ ಇನ್ನೊಂದು ಮಾತಿನಲ್ಲಿ ಹೇಳಿ ಮುಂದಿನ ಮಗುವಿನ ಕಡೆ ತಿರುಗುತ್ತಾರೆ. ಕೇಳಲು ಸುಲಭ. ಮಾಡಿ ನೋಡಿ, "ವೆರಿ ಗುಡ್" ಎನ್ನದೆ ಐದು ನಿಮಿಷ ಇರುವುದು ನಮ್ಮಂಥ ತಾಯಂದಿರಿಗೆ ಉಪವಾಸಕ್ಕಿಂತ ಕಷ್ಟ.

ಈ ಮೂರರಲ್ಲಿ ಎರಡನೆಯ ಪ್ರಶ್ನೆಯೇ ಜೀವಾಳ. ನಿಮಗೆಲ್ಲ ಗೊತ್ತಿರುವ ಚಿತ್ರವನ್ನೇ ತೆಗೆದುಕೊಳ್ಳೋಣ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡಿಯೇ ಇರುತ್ತೀರಿ. ಅದರ ಮುಂದೆ ಮಗುವನ್ನು ನಿಲ್ಲಿಸಿದರೆ ಮೊದಲು ಬರುವ ಉತ್ತರ "ರಾತ್ರಿ ಆಗಿದೆ" ಎಂದು. ಏನು ಕಂಡು ಹಾಗೆ ಹೇಳಿದೆ? ಚಿತ್ರದಲ್ಲಿ ಚಂದ್ರನಿಲ್ಲ, ನಕ್ಷತ್ರವಿಲ್ಲ. ಮಗು ಮತ್ತೆ ನೋಡಬೇಕಾಗುತ್ತದೆ. ಬೆಳಕಿಗೆ ಅಡ್ಡ ಹಿಡಿದ ಕೈಯ ಬೆರಳುಗಳು ಒಳಗಿನಿಂದ ಕೆಂಪಗೆ ಹೊಳೆಯುತ್ತಿವೆ, ಮುಖಕ್ಕೆ ಬೆಳಕು ಕೆಳಗಿನಿಂದ ಬಂದಿದೆ, ಹಿಂದೆ ನೆರಳಿದೆ. ಮನೆಗೆ ಬಂದ ಮೇಲೆ ಟಾರ್ಚಿನ ಮುಂದೆ ತನ್ನ ಅಂಗೈ ಹಿಡಿದು ಪರೀಕ್ಷೆ ಮಾಡದ ಮಗುವನ್ನು ನಾನಂತೂ ಕಂಡಿಲ್ಲ. ಆ ಚಿತ್ರ ರವಿವರ್ಮನದೆಂದು ನಮ್ಮಲ್ಲಿ ಬಹಳ ಜನ ಇಂದಿಗೂ ನಂಬಿದ್ದಾರೆ. ಅದು ಎಸ್. ಎಲ್. ಹಲ್ದಣಕರ್ ಅವರು 1940ರ ದಶಕದಲ್ಲಿ ತಮ್ಮ ಮಗಳನ್ನೇ ಎದುರು ನಿಲ್ಲಿಸಿಕೊಂಡು ಬರೆದ ಜಲವರ್ಣ ಚಿತ್ರ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಹೆಸರು ಕೇಳಿ ತೃಪ್ತರಾಗುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಹೆಸರೂ ತಪ್ಪು, ಬೆರಳಿನ ಕೆಂಪೂ ನೆನಪಿಲ್ಲ.

ಹಾಗಾದರೆ ಮಗು ಏನು ಹೇಳಿದರೂ ಸರಿಯೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಚಿತ್ರದಲ್ಲಿ ಆಧಾರ ತೋರಿಸಿದರೆ ಮಾತ್ರ ಅದು ಉತ್ತರ. ಆಧಾರ ಎರಡು ಕಡೆಗೂ ಇದ್ದರೆ ಎರಡೂ ನಿಲ್ಲುತ್ತವೆ, ದೊಡ್ಡವರ ಲೋಕದಲ್ಲೂ ಹಾಗೆಯೇ. ಮಹಾಬಲಿಪುರದಲ್ಲಿ ಏಳನೆಯ ಶತಮಾನದ ಪಲ್ಲವರ ಹೆಬ್ಬಂಡೆಯ ಶಿಲ್ಪವಿದೆಯಲ್ಲ, ಅದರ ದೊಡ್ಡ ಫೋಟೋ ಒಂದನ್ನು ನಾನು ತರಗತಿಯಲ್ಲಿ ತೂಗುಹಾಕಿದ್ದೇನೆ. ಎಲುಬು ಕಾಣುವಷ್ಟು ಬಡಕಲಾದ ಒಬ್ಬ ಎರಡೂ ಕೈ ಮೇಲೆತ್ತಿ ಒಂಟಿ ಕಾಲಿನಲ್ಲಿ ನಿಂತಿದ್ದಾನೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಒಕ್ಕೊರಲಿನಿಂದ ಹೇಳುವುದು, "ಆಂಟಿ, ಟ್ರೀ ಪೋಸ್!" ನಗಬೇಡಿ, ಅವರು ನೋಡಿದ್ದು ಸರಿಯಾಗಿಯೇ ಇದೆ. ಅವನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡುವ ಅರ್ಜುನ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಪಕ್ಕದಲ್ಲಿ ವರ ಕೊಡುತ್ತಿರುವ ಶಿವ, ಬಿಲ್ಲು ಹಿಡಿದ ಬೇಟೆಗಾರರು ಅವರಿಗೆ ಸಾಕ್ಷಿ. ಅಲ್ಲ, ಗಂಗೆಯನ್ನು ಇಳಿಸಿದ ಭಗೀರಥ ಎನ್ನುವವರು ಬಂಡೆಯ ನಡುವಿನ ಸೀಳನ್ನೂ ಅದರಲ್ಲಿ ಮೇಲೇರುತ್ತಿರುವ ನಾಗರನ್ನೂ ದಡದಲ್ಲಿ ಬಟ್ಟೆ ಹಿಂಡುತ್ತಿರುವವನನ್ನೂ ತೋರಿಸುತ್ತಾರೆ. ತಜ್ಞರು ಬಹುಕಾಲದಿಂದ ವಾದಿಸುತ್ತಿರುವ ವಿಷಯದಲ್ಲಿ ಹತ್ತು ವರ್ಷದ ಹುಡುಗ ಒಂದು ಪಕ್ಷ ಹಿಡಿದು "ನದಿ ಇಲ್ಲದಿದ್ದರೆ ಬಟ್ಟೆ ಹೇಗೆ ಒದ್ದೆಯಾಯಿತು?" ಎಂದು ಕೇಳಿದರೆ, ಅವನಿಗೆ ನೋಡಲು ಬಂತು ಎಂದೇ ನನ್ನ ಲೆಕ್ಕ. ಅದೇ ಬಂಡೆಯಲ್ಲಿ ಆ ತಪಸ್ವಿಯಂತೆಯೇ ಮುಂಗಾಲು ಮೇಲೆತ್ತಿ ನಿಂತ ಒಂದು ಬೆಕ್ಕಿದೆ, ಸುತ್ತ ಇಲಿಗಳಿವೆ. ಅದನ್ನು ನಾನು ತೋರಿಸುವುದಿಲ್ಲ. ಯಾರಾದರೊಬ್ಬರು ಕಂಡುಹಿಡಿದು ಕೂಗುತ್ತಾರೆ. ಆಗ ತರಗತಿ ಅರ್ಧ ಗಂಟೆ ನನ್ನ ಕೈಯಲ್ಲಿರುವುದಿಲ್ಲ.

ಒಂದು ವಿಷಯದಲ್ಲಿ ಈ ಅಮೆರಿಕನ್ ಪದ್ಧತಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವರು ಹೊರಗಿನ ಮಾಹಿತಿಯನ್ನು ಬಹಳ ಮಟ್ಟಿಗೆ ದೂರವೇ ಇಡುತ್ತಾರೆ. ನಮ್ಮ ಮಕ್ಕಳ ಸ್ಥಿತಿ ಬೇರೆ. ಬಾದಾಮಿಯ ಎರಡನೆಯ ಗುಹೆಯಲ್ಲಿ ಕಾಲನ್ನು ಆಕಾಶಕ್ಕೆ ಚಾಚಿದ ತ್ರಿವಿಕ್ರಮನನ್ನು ನೋಡಿ ಅವರು "ಕಿಕ್ ಮಾಡ್ತಿದಾನೆ" ಎನ್ನುತ್ತಾರೆ. ಕೆಳಗೆ ಕೊಡೆ ಹಿಡಿದ ಕುಳ್ಳ ಯಾರು ಎಂದರೆ "ಅವನ ತಮ್ಮ". ಎಷ್ಟು ಹೊತ್ತು ನೋಡಿದರೂ ಆ ಕುಳ್ಳನೇ ಈ ದೈತ್ಯ ಎಂಬುದು ಕಥೆ ಗೊತ್ತಿಲ್ಲದೆ ಹೊಳೆಯುವುದಿಲ್ಲ. ಊರಿನಲ್ಲಿ ಆ ಕಥೆ ಅಜ್ಜಿಯ ಬಾಯಿಂದ, ಹರಿಕಥೆಯಿಂದ ತಾನಾಗಿಯೇ ಕಿವಿಗೆ ಬೀಳುತ್ತಿತ್ತು. ಇಲ್ಲಿ ನಾವೇ ಹೇಳಬೇಕು. ಆದರೆ ನೋಡಿದ ಮೇಲೆ ಹೇಳಬೇಕು. ಕೊಡೆಯನ್ನು ಕಂಡು, ತಮ್ಮನೆಂದು ವಾದಿಸಿದ ಮಗುವಿಗೆ ಕಥೆ ಹೇಳಿದರೆ ಕಣ್ಣು ಅಗಲವಾಗುವುದನ್ನು ನೀವೇ ನೋಡುತ್ತೀರಿ.

ನೋಡಿ ಅರ್ಥ ಮಾಡಿಕೊಳ್ಳುವ ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಬಣ್ಣದ ವೇಷ ಯಾವುದು, ರಾಜವೇಷ ಯಾವುದು ಎಂದು ಯಕ್ಷಗಾನದ ಪ್ರೇಕ್ಷಕ ಪಾತ್ರ ಬಾಯಿ ತೆರೆಯುವ ಮೊದಲೇ ಕಿರೀಟ ಮತ್ತು ಮುಖವರ್ಣಿಕೆಯಿಂದ ಹೇಳಬಲ್ಲ. ನಮ್ಮ ತೊಗಲು ಗೊಂಬೆಯಾಟದಲ್ಲಿ ರಾಜರಿಗೂ ದೇವತೆಗಳಿಗೂ ದೊಡ್ಡ ಗೊಂಬೆ, ಸಾಮಾನ್ಯರಿಗೆ ಚಿಕ್ಕದು. ಓದು ಬಾರದ ರೈತನೂ ಆ ಅಳತೆಯನ್ನು ಓದುತ್ತಿದ್ದ. ನಮ್ಮ ಮಕ್ಕಳು ದಿನವಿಡೀ ಪರದೆಯ ಮೇಲೆ ಸಾವಿರ ಚಿತ್ರಗಳನ್ನು ಬೆರಳಿನಿಂದ ತಳ್ಳುತ್ತಾರೆ, ಯಾವುದನ್ನು ಯಾರು ಏಕೆ ತೋರಿಸುತ್ತಿದ್ದಾರೆಂದು ಕೇಳುವುದಿಲ್ಲ. ಈಗಂತೂ ಎಂದೂ ನಡೆಯದ ಸಂಗತಿಯ ಫೋಟೋವನ್ನು ಯಂತ್ರವೇ ತಯಾರಿಸಿ ಕೊಡುತ್ತದೆ. "ಏನು ಕಂಡು ಹಾಗೆ ಹೇಳಿದೆ" ಎಂಬ ಪ್ರಶ್ನೆ ಅಲ್ಲಿಯೂ ಬೇಕಾಗುತ್ತದೆ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಎಷ್ಟೋ ಮಕ್ಕಳು ಕನ್ನಡ ಅರ್ಥವಾದರೂ ಮಾತಾಡುವುದಿಲ್ಲ. "ಅಜ್ಜಿ ಬಂದನು" ಎಂದು ಒಮ್ಮೆ ಹೇಳಿ ನೆಂಟರೆಲ್ಲ ನಕ್ಕರೆ ಸಾಕು, ಅಲ್ಲಿಗೆ ಬಾಯಿ ಬಂದ್. ಅಜ್ಜಿ ಆರು ತಿಂಗಳಿಗೆಂದು ಬರುತ್ತಾರೆ. "ಊಟ ಆಯ್ತಾ", "ಆಯ್ತು", ಇಷ್ಟರಲ್ಲೇ ಆರು ತಿಂಗಳು ಕಳೆದು ಅವರು ವಿಮಾನ ಹತ್ತುತ್ತಾರೆ. ಈ ಸಭೆಯಲ್ಲೇ ಅಂಥ ಅಜ್ಜಿಯರಿದ್ದಾರೆ, ಅಂಥ ಮೊಮ್ಮಕ್ಕಳೂ ಇದ್ದಾರೆ. ನಾನು ಯಾರ ಕಡೆಗೂ ನೋಡುತ್ತಿಲ್ಲ.

ಇವರಿಬ್ಬರ ನಡುವೆ ಇಡಲು ನಾನು ಆರಿಸಿದ್ದು ಕನ್ನಡ ನಾಡಿನ ಚಿತ್ರವೇ ಅಲ್ಲ. ಪೀಟರ್ ಬ್ರೂಗಲ್ ಎಂಬ ಫ್ಲೆಮಿಷ್ ಕಲಾವಿದ 1560ರಲ್ಲಿ ಬರೆದ "ಮಕ್ಕಳ ಆಟಗಳು". ಮೂಲ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಸುಮಾರು ಮೂರು ಮುಕ್ಕಾಲು ಅಡಿ ಎತ್ತರ, ಐದೂಕಾಲು ಅಡಿ ಅಗಲದ ಹಲಗೆಯ ಮೇಲೆ ಇನ್ನೂರಕ್ಕೂ ಹೆಚ್ಚು ಮಕ್ಕಳು, ಸುಮಾರು 80 ಬಗೆಯ ಆಟಗಳು. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಕುರಿಯ ಕೀಲುಮೂಳೆ ಹಾರಿಸಿ ಆಡುತ್ತಿದ್ದಾರೆ. ಮುಂದೆ ಒಬ್ಬ ಕಡ್ಡಿಯಿಂದ ಬಳೆಯಂಥ ಚಕ್ರವನ್ನು ಓಡಿಸುತ್ತಿದ್ದಾನೆ. ಬುಗುರಿ ಇದೆ, ಕಣ್ಣುಕಟ್ಟಿ ಆಡುವ ಆಟವಿದೆ, ಮರಗಾಲಿದೆ, ಸುಳ್ಳುಮದುವೆಯ ಮೆರವಣಿಗೆಯೂ ಇದೆ. ಒಂದು ಮನೆಯಲ್ಲಿ ಇದರ ಪ್ರತಿಯನ್ನು ಊಟದ ಮೇಜಿನ ಮೇಲೆ ಹರಡಿದೆವು. ಅಜ್ಜಿ ಕನ್ನಡಕ ಹಾಕಿಕೊಂಡು ಮೂಳೆಯಾಟವನ್ನು ನೋಡಿ, "ಅಯ್ಯೋ, ಇದು ನಮ್ಮ ಗಜ್ಜುಗದ ಆಟ ಕಣೇ!" ಎಂದರು. ಬೀನ್ಸಿನ ಡಬ್ಬಿಯಿಂದ ಐದು ಕಾಳು ಬಂದವು. ಒಂದನ್ನು ಮೇಲೆ ಹಾರಿಸಿ ನಾಲ್ಕನ್ನು ಬಾಚಿಕೊಳ್ಳುವುದನ್ನು ಎಪ್ಪತ್ತೆರಡರ ಕೈ ಮರೆತಿರಲಿಲ್ಲ. ಮೊಮ್ಮಗಳು ಒಂಬತ್ತು ವರ್ಷದವಳು, ತರಗತಿಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದವಳು. ಚಿತ್ರವನ್ನೇ ನೋಡುತ್ತಿದ್ದವಳು ಒಮ್ಮೆಲೇ, "ಅಜ್ಜಿ, ಇವರು ಯಾರೂ ನಗಲ್ಲ, ಯಾಕೆ?" ಎಂದಳು.

ನಾವು ದೊಡ್ಡವರು ಬಗ್ಗಿ ನೋಡಿದೆವು. ಹೌದು. ಇಷ್ಟು ಆಟ, ನಗುಮುಖ ಹುಡುಕಬೇಕು. ಆ ಮಕ್ಕಳ ಮುಖದಲ್ಲಿ ದೊಡ್ಡವರ ಗಾಂಭೀರ್ಯವಿದೆ ಎಂದು ಕಲಾವಿಮರ್ಶಕರೂ ಬರೆದಿದ್ದಾರೆ. ಅದನ್ನು ಓದದ ಹುಡುಗಿ ಕನ್ನಡದಲ್ಲಿ ಕೇಳಿದಳು. ಅಜ್ಜಿ ಸ್ವಲ್ಪ ಯೋಚಿಸಿ, "ಆಟ ಆಡೋವಾಗ ನಾವೂ ನಗ್ತಿರಲಿಲ್ಲ ಮಗಳೇ, ಸೋಲ್ತೀವಿ ಅಂತ ಭಯ ಇರ್ತಿತ್ತು" ಎಂದರು. ಆಮೇಲೆ ಇಬ್ಬರೂ ಸೇರಿ ಒಂದೊಂದೇ ಆಟಕ್ಕೆ ಹೆಸರು ಹುಡುಕಿದರು. ಕೆಲವಕ್ಕೆ ಅಜ್ಜಿಯ ಹತ್ತಿರ ಕನ್ನಡದ ಹೆಸರಿತ್ತು, ಕೆಲವಕ್ಕೆ ಮೊಮ್ಮಗಳ ಹತ್ತಿರ ಇಂಗ್ಲಿಷಿನದು, ಇಬ್ಬರಿಗೂ ಗೊತ್ತಿಲ್ಲದ್ದಕ್ಕೆ ಹೊಸ ಹೆಸರಿಟ್ಟರು. ಪೀಪಾಯಿಯ ಮೇಲೆ ಸವಾರಿ ಮಾಡುವ ಹುಡುಗರಿಗೆ "ಡ್ರಮ್ ಕುದುರೆ". ಆ ಸಂಜೆ ಅವಳ ವ್ಯಾಕರಣವನ್ನು ಯಾರೂ ತಿದ್ದಲಿಲ್ಲ. ತಿದ್ದಲು ಪುರುಸೊತ್ತೇ ಇರಲಿಲ್ಲ.

ಮಾಡುವ ವಿಧಾನ ದೊಡ್ಡದೇನಲ್ಲ. ಮ್ಯೂಸಿಯಮ್ಮಿಗೆ ಹೋದರೆ ಎಲ್ಲವನ್ನೂ ನೋಡುವ ಹಟ ಬೇಡ, ಒಂದು ಭೇಟಿಗೆ ಎರಡೋ ಮೂರೋ ಚಿತ್ರ ಸಾಕು. ಪಕ್ಕದ ಫಲಕವನ್ನು ಕೊನೆಗೆ ಓದಿ. ಮೌನವಾದರೆ ಗಾಬರಿಯಾಗಬೇಡಿ, ಹತ್ತು ಎಣಿಸಿ. ಮ್ಯೂಸಿಯಂ ದೂರವಾದರೆ ನವರಾತ್ರಿಯ ಗೊಂಬೆಗಳಿವೆ, ಊರಿನಿಂದ ತಂದ ಕ್ಯಾಲೆಂಡರ್ ಇದೆ, ಅಜ್ಜ ಅಜ್ಜಿಯ ಮದುವೆಯ ಕಪ್ಪುಬಿಳುಪು ಫೋಟೋ ಇದೆ. ಆ ಫೋಟೋದಲ್ಲಿ ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರು ಕ್ಯಾಮರಾ ನೋಡುತ್ತಿಲ್ಲ ಎಂದು ಕೇಳಿ ನೋಡಿ. ಮನೆತನದ ಹಳೆಯ ವ್ಯಾಜ್ಯಗಳು ಹೊರಬಂದರೆ ನಾನು ಜವಾಬ್ದಾರಳಲ್ಲ!

ಬ್ರೂಗಲ್ಲನ ಚಿತ್ರದ ಹತ್ತು ಪ್ರತಿಗಳನ್ನು ಹೊರಗೆ ಪುಸ್ತಕದ ಮೇಜಿನ ಮೇಲೆ ಇಟ್ಟಿದ್ದೇನೆ. ಊಟದ ಸಾಲು ಉದ್ದವಾಗಿರುತ್ತದೆ, ಕಾಯುವಾಗ ಒಂದನ್ನು ಎತ್ತಿಕೊಂಡು ಪಕ್ಕದಲ್ಲಿರುವ ಮಗುವಿನ ಕೈಗೆ ಕೊಡಿ. ಬುಗುರಿ ಎಲ್ಲಿದೆ ಎಂದು ಮಾತ್ರ ನೀವು ಮೊದಲೇ ತೋರಿಸಬೇಡಿ.