ಜೋಳದ ಸೀಮೆಯವರ ಪಂಕ್ತಿ



ದುಬೈಯ ನಮ್ಮ ಸಂಘದ ಈ ಸಭೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮುಖಗಳು ಬಹಳ ಕಾಣುತ್ತಿವೆ. ಹೊಸದಾಗಿ ಬಂದ ನಮ್ಮ ಹುಡುಗರು ಆಡುವ ಮಾತು ಒಂದೇ: "ಕೆಲಸ ಹೆಂಗರ ಮಾಡ್ತೀವ್ರಿ, ಉಣ್ಣಾದೇ ಕಷ್ಟ ಆಗೈತಿ." ಆ ಉಣ್ಣುವ ಸಂಗತಿಯನ್ನೇ ಇವತ್ತು ಮಾತಾಡುತ್ತೇನೆ.

ಇಲ್ಲಿಗೆ ಬರುವ ಮೊದಲು ನಾನು ಇಥಿಯೋಪಿಯಾದ ಹರಾರ್ ಕಡೆ ಕೆಲಸದಲ್ಲಿದ್ದೆ. ಅಲ್ಲಿಯ ಊಟ ಇಂಜೆರಾ. ಹಿಟ್ಟು ಕಲಸಿ, ಹುಳಿ ಬರಿಸಿ, ಅಗಲ ಹಂಚಿನ ಮೇಲೆ ಹೊಯ್ದು ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆಲ್ಲ ತೂತು, ಮುಟ್ಟಿದರೆ ಮೆತ್ತಗೆ, ಬಾಯಿಗಿಟ್ಟರೆ ಹುಳಿ. ಎತ್ತರದ ಸೀಮೆಯಲ್ಲಿ ಅದಕ್ಕೆ ಟೆಫ್ ಎಂಬ ಸಣ್ಣ ಕಾಳು. ಹರಾರ್ ಕಡೆ ಜೋಳವನ್ನೂ ಬಳಸುತ್ತಾರೆ. ಹೌದು, ನಮ್ಮ ಜೋಳವೇ. ಆ ಬೆಳೆಯನ್ನು ಮನುಷ್ಯ ಮೊದಲು ಪಳಗಿಸಿದ್ದು ಆಫ್ರಿಕದ ಈಶಾನ್ಯ ಸೀಮೆಯಲ್ಲಿ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು. ಮಸ್ಕಿಯ ಎರೆಹೊಲದ ಬಿಳಿಜೋಳಕ್ಕೂ ತವರು ಆ ಕಡೆಯೇ.

ಶಾಕಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಅಂದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಏನೂ ಇಲ್ಲ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಂತೂ ದಿನವೂ ಇದೇ ನೇಮ. ಹಾಗಾಗಿ ಉಪವಾಸದ ಊಟ ಕೇಳಿದರೆ ಬೇಳೆ, ಸೊಪ್ಪು, ಮತ್ತೆ ಶಿರೋ ಬರುತ್ತದೆ. ಕಡಲೆ ಹಿಟ್ಟಿಗೆ ಖಾರ ಹಾಕಿ ಕುದಿಸಿದ ಶಿರೋ ತಿಂದವನಿಗೆ ಲಿಂಗಸುಗೂರಿನ ಜುಣಕ ನೆನಪಾಗದೆ ಇರದು.

ಕಷ್ಟವಾದದ್ದು ರುಚಿಯಲ್ಲ, ರೀತಿ. ಎಲ್ಲರೂ ಒಂದೇ ದೊಡ್ಡ ತಟ್ಟೆಯಲ್ಲಿ ಉಣ್ಣಬೇಕು. ಎಂಜಲು ಎಂದು ಕೇಳುತ್ತ ಬೆಳೆದ ನಮಗೆ ಕೈ ಮುಂದೆ ಹೋಗದು. ಮೇಲೆ ಗುರ್ಶಾ ಎಂಬ ಪದ್ಧತಿ: ಪಕ್ಕದವರು ತಮ್ಮ ಕೈಯಿಂದ ತುತ್ತು ಕಟ್ಟಿ ನಮ್ಮ ಬಾಯಿಗೆ ಇಡುತ್ತಾರೆ. ಬೇಡವೆಂದರೆ ಅವರ ಮನಸ್ಸು ನೋಯುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಹಾಗೆ ತುತ್ತು ಚಾಚಿದರು. ಉಂಡೆ. ಊಟದ ಮೇಲೆ ಅವರ ಮನೆಯಾಕೆ ಹಸಿ ಕಾಫಿ ಬೀಜವನ್ನು ನಮ್ಮೆದುರೇ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಟ್ಟರು. ಮೂರನೆಯ ಸುತ್ತು ಮುಗಿಯದೆ ಏಳುವ ಹಾಗಿಲ್ಲ. ಆಶೀರ್ವಾದ ಇರುವುದು ಅದರಲ್ಲೇ ಎಂದು ಅವರ ನಂಬಿಕೆ.

ಈಗ ನಮ್ಮ ಸೀಮೆಗೆ ಬರೋಣ. ಅಲ್ಲಿಗೂ ದುಡಿಮೆಗೆಂದು ಎಂತೆಂಥವರು ಬಂದಿಲ್ಲ! ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಸಿಂಧನೂರಿನ ಸುತ್ತ ಕ್ಯಾಂಪು ಕಟ್ಟಿದರು, ಭತ್ತ ನಾಟಿದರು. ಆಗಿನ ಪೂರ್ವ ಪಾಕಿಸ್ತಾನದಿಂದ ಮನೆಮಾರು ಬಿಟ್ಟು ಬಂದ ಹಲವು ಬಂಗಾಳಿಗಳಿಗೂ ಸಿಂಧನೂರಿನಲ್ಲೇ ಪುನರ್ವಸತಿಯಾಯಿತು. ಆರ್‌.ಎಚ್‌. ಎಂಬ ಆ ಪುನರ್ವಸತಿ ಕ್ಯಾಂಪುಗಳಲ್ಲಿ ಇಂದಿಗೂ ದುರ್ಗಾಪೂಜೆ ನಡೆಯುತ್ತದೆ. ರೊಟ್ಟಿ ಉಣ್ಣುವವರ ನಡುವೆ ಅನ್ನ ಮೀನು ಉಣ್ಣುತ್ತ, ಭಾಷೆ ತಿಳಿಯದೆ, ಅವರು ಮೊದಲ ವರ್ಷಗಳನ್ನು ಹೇಗೆ ಕಳೆದರೋ! ದುಬೈಗೆ ಬಂದ ಮೇಲೆ ನಾನು ಅವರನ್ನು ಬಹಳ ಸಲ ನೆನೆದಿದ್ದೇನೆ. ನಮಗೆ ಹಿಂತಿರುಗುವ ಟಿಕೆಟ್ ಇದೆ, ಅವರಿಗೆ ಇರಲಿಲ್ಲ.

ಅದಕ್ಕೇ ಸಂಘಕ್ಕೆ ನನ್ನದೊಂದು ಬೇಡಿಕೆ. ನಮ್ಮ ಸಮಾರಂಭಗಳಲ್ಲಿ ನಾವೇ ಬಡಿಸಿ ನಾವೇ ಉಂಡು ಹೋಗುತ್ತೇವೆ. ಬರುವ ರಾಜ್ಯೋತ್ಸವಕ್ಕೆ ಪ್ರತಿ ಮನೆಯವರೂ ತಮ್ಮ ಜೊತೆ ದುಡಿಯುವ ಒಬ್ಬ ಬಾಂಗ್ಲಾದೇಶಿಯನ್ನೋ, ಇಥಿಯೋಪಿಯನ್ನನ್ನೋ, ಫಿಲಿಪಿನೋವನ್ನೋ ಕರೆತನ್ನಿ. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸೋಣ. ಅವರು ಒಂದೊಂದು ಅಡುಗೆ ತಂದರೆ ಅದಕ್ಕೂ ಪಂಕ್ತಿಯಲ್ಲಿ ಜಾಗವಿರಲಿ. ಒಗ್ಗುವವರು ಉಣ್ಣಲಿ, ಒಗ್ಗದವರು ಮೂಗು ಮುರಿಯದೆ ಪಕ್ಕದಲ್ಲಿ ಕೂರಲಿ. ರೊಟ್ಟಿಯ ಖರ್ಚು ನನ್ನದು. ಬಡಿಸಲು ಬರುವವರು ಇವತ್ತೇ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ.