ಹುದ್ದೆ ಯಾರ ಸೊತ್ತು?
ಗಾರ್ಫೀಲ್ಡ್, ರಂಗಾಚಾರ್ಲು ಮತ್ತು 1881ರ ವರ್ಷ
(ದೇವನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸ)



ಕವಿ ಲಕ್ಷ್ಮೀಶನ ಊರಿಗೆ ಬಂದು ಅಮೆರಿಕದ ಅಧ್ಯಕ್ಷನೊಬ್ಬನ ಕಥೆ ಹೇಳಹೊರಟಿದ್ದೇನೆ. ಇದಕ್ಕೆ ಕವಿಯೇ ದಾರಿ ಮಾಡಿಕೊಟ್ಟಿದ್ದಾನೆ. ಅವನ ಜೈಮಿನಿ ಭಾರತ ಶುರುವಾಗುವುದೇ ಕುರುಕ್ಷೇತ್ರ ಮುಗಿದ ಮೇಲೆ. ಗೆದ್ದ ಧರ್ಮರಾಯನಿಗೆ ನೆಮ್ಮದಿಯಿಲ್ಲ. ದೊಡ್ಡ ಅನಾಹುತದ ನಂತರ ರಾಜ್ಯ ನಡೆಸುವುದು ಹೇಗೆ ಎಂಬುದೇ ಅವನ ಚಿಂತೆ. ಇಂದು ನಾನು ಹೇಳಲಿರುವ ಇಬ್ಬರೂ ಅಂಥ ಕಾಲದಲ್ಲಿ ಅಧಿಕಾರಕ್ಕೆ ಬಂದವರು.

ಇಬ್ಬರೂ ಹುಟ್ಟಿದ್ದು 1831ರಲ್ಲಿ, ಇಬ್ಬರೂ ಅಧಿಕಾರ ವಹಿಸಿಕೊಂಡದ್ದು 1881ರ ಮಾರ್ಚ್‌ನಲ್ಲಿ. ಜೇಮ್ಸ್ ಗಾರ್ಫೀಲ್ಡ್ ಮಾರ್ಚ್ 4ರಂದು ಅಮೆರಿಕದ ಅಧ್ಯಕ್ಷನಾದ. ಸಿ. ರಂಗಾಚಾರ್ಲು ಮಾರ್ಚ್ 25ರಂದು ಮೈಸೂರಿನ ದಿವಾನರಾದರು. ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಎರಡೂ ಕಡೆ ಎದ್ದ ಪ್ರಶ್ನೆ ಮಾತ್ರ ಒಂದೇ: ಸರ್ಕಾರಿ ಹುದ್ದೆ ಯಾರ ಸೊತ್ತು?

ಸ್ಟೇಷನ್ನಿನ ಗುಂಡು

ಗಾರ್ಫೀಲ್ಡ್ ಓಹಿಯೋದ ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ. ಹದಿಹರೆಯದಲ್ಲಿ ಕಾಲುವೆಯ ದಡದಲ್ಲಿ ದೋಣಿ ಎಳೆಯುವ ಹೇಸರಗತ್ತೆಗಳನ್ನು ಹೊಡೆದ. ಆಮೇಲೆ ಓದಿ ಮೇಷ್ಟರಾದ, ಅಂತರ್ಯುದ್ಧದಲ್ಲಿ ಸೇನಾನಿಯಾದ, ಸಂಸತ್ತಿನ ಕೆಳಮನೆಯಲ್ಲಿ 17 ವರ್ಷ ಕುಳಿತ.

ಅಮೆರಿಕದಲ್ಲಿ ಆಗ ಗೆದ್ದ ಪಕ್ಷ ತನ್ನವರಿಗೆ ಹುದ್ದೆ ಹಂಚುವುದು ರೂಢಿ. ಅಂಚೆ ಗುಮಾಸ್ತನಿಂದ ರಾಯಭಾರಿಯವರೆಗೆ ಎಲ್ಲವೂ ಚುನಾವಣೆಯ ಬಾಗಿನ. ಚಾರ್ಲ್ಸ್ ಗಿಟೊ ಎಂಬಾತ ಗಾರ್ಫೀಲ್ಡ್ ಪರವಾಗಿ ಒಂದು ಭಾಷಣ ಬರೆದಿದ್ದ. ತನ್ನಿಂದಲೇ ಗೆಲುವಾಯಿತೆಂದು ನಂಬಿ, ಪ್ಯಾರಿಸ್‌ನಲ್ಲಿ ಕಾನ್ಸಲ್ ಹುದ್ದೆ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದ. ಕೊನೆಗೆ ವಿದೇಶಾಂಗ ಕಾರ್ಯದರ್ಶಿ ಬ್ಲೇನ್, ಇನ್ನು ಆ ಮಾತೆತ್ತಬೇಡ ಎಂದು ಗದರಿಸಿ ಕಳಿಸಿದ. ಜುಲೈ 2ರ ಬೆಳಿಗ್ಗೆ ವಾಷಿಂಗ್ಟನ್ ರೈಲ್ವೆ ಸ್ಟೇಷನ್ನಿನಲ್ಲಿ ಅದೇ ಬ್ಲೇನ್ ಜೊತೆ ನಡೆಯುತ್ತಿದ್ದ ಅಧ್ಯಕ್ಷನಿಗೆ ಗಿಟೊ ಹಿಂದಿನಿಂದ ಗುಂಡು ಹೊಡೆದ.

ಗುಂಡಿಗಿಂತ ಉಪಚಾರವೇ ಮಾರಕವಾಯಿತೆಂದು ಹಲವರು ಹೇಳುತ್ತಾರೆ. ವೈದ್ಯರು ತೊಳೆಯದ ಬೆರಳು, ಸಲಾಕೆಗಳಿಂದ ಗಾಯ ಕೆದಕಿದರು. ಟೆಲಿಫೋನಿನ ಗ್ರಹಾಂ ಬೆಲ್ ಲೋಹ ಪತ್ತೆಯ ಯಂತ್ರ ತಂದರೂ ಗುಂಡು ಸಿಗಲಿಲ್ಲ. ಗಾಯ ಕೀವುಗಟ್ಟಿ, ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ.

ಕ್ಷಾಮದ ಮೇಲೆ ದಿವಾನಗಿರಿ

ಗಾರ್ಫೀಲ್ಡ್ ತೀರಿಕೊಂಡ 18 ದಿನಕ್ಕೆ, 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು.

ರಂಗಾಚಾರ್ಲು ಚೆಂಗಲ್ಪಟ್ಟು ಕಡೆಯವರು, ಗುಮಾಸ್ತಿಕೆಯಿಂದ ಮೇಲೆ ಬಂದವರು. ಮದ್ರಾಸಿನ ನೌಕರಿಯಲ್ಲಿದ್ದಾಗಲೇ ಕಂದಾಯ ಇಲಾಖೆಯ ಲಂಚಗುಳಿತನದ ಬಗ್ಗೆ ಲೇಖನ ಬರೆದಿದ್ದರು. ಒಳಗಿದ್ದುಕೊಂಡೇ ಇಲಾಖೆಯ ಹುಳುಕನ್ನು ಬಯಲಿಗಿಡಲು ಎಂಟೆದೆ ಬೇಕು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಅರಮನೆಯ ಲೆಕ್ಕಪತ್ರ ಸರಿಪಡಿಸಲು ಮೈಸೂರಿಗೆ ಬಂದರು. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸಿ ಲಂಡನ್ನಿನಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ದುಬಾರಿ ಸಂಬಳದ ಯೂರೋಪಿಯನ್ ಅಧಿಕಾರಿಗಳು ನಾಡಿಗೆ ಹೊರೆ ಎಂಬುದು ಅವರ ತಕರಾರು.

ಅವರ ಕೈಗೆ ಬಂದ ರಾಜ್ಯ ಹೇಗಿತ್ತು? 1871ರಲ್ಲಿ ಮೈಸೂರಿನ ಜನ 50 ಲಕ್ಷಕ್ಕೂ ಹೆಚ್ಚು. 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ನಡುವೆ ಬಂದುಹೋದದ್ದು 1876–78ರ ಧಾತು ಈಶ್ವರ ಬರ. ಬೊಕ್ಕಸ ಬರಿದಾಗಿ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. ಸಿಂಹಾಸನದ ಮೇಲೆ 18 ವರ್ಷದ ಚಾಮರಾಜೇಂದ್ರ ಒಡೆಯರು. ದಿವಾನರು ಖರ್ಚಿನ ಮೇಲೆ ಕತ್ತರಿ ಆಡಿಸಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳು ಕೆಲವು ವರ್ಷ ಜಿಲ್ಲೆಗಳಾಗಿಯೇ ಉಳಿಯಲಿಲ್ಲ. ನಮ್ಮ ಅಂದಿನ ಕಡೂರು ಜಿಲ್ಲೆ ಬಚಾವಾಯಿತು. ಅಷ್ಟು ಬಿಗಿಯಲ್ಲೂ ರೈಲಿಗೆ ದುಡ್ಡು ಹಾಕಿದರು. ಮತ್ತೊಂದು ಬರ ಬಂದರೆ ಧಾನ್ಯ ಸಾಗಿಸುವ ದಾರಿ ಬೇಕಿತ್ತಲ್ಲ! ಬೀರೂರಿನ ಮೇಲೆ ಹರಿಹರದವರೆಗೆ ಹಳಿ ಪೂರ್ತಿಯಾದದ್ದು 1889ರಲ್ಲಿ, ಅವರು ಹೋದ ಮೇಲೆ.

144 ಜನ

ಅಕ್ಟೋಬರ್ 7ರ ಆ ಪ್ರಜಾಪ್ರತಿನಿಧಿ ಸಭೆಗೆ ಸೇರಿದ್ದು 144 ಜನ. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಜಮೀನುದಾರ ರೈತರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ವರ್ತಕರು. ಆಗ ಕಡೂರಿಗೂ ರೈಲಿಲ್ಲ, ಮೈಸೂರಿಗೂ ಇನ್ನೂ ಮುಟ್ಟಿಲ್ಲ. ಈ ಸೀಮೆಯ ರೈತ ದಸರೆಯ ದಿನಗಳಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ದಿವಾನರ ಎದುರು ಕೂರಬೇಕು. ಅಲ್ಲಿಯತನಕ ಅವನು ಅಮಲ್ದಾರನ ಮುಂದೆ ನಿಂತೇ ಮಾತಾಡಿದವನು. ಈಗ ದಿವಾನರೇ ವರ್ಷದ ಜಮಾ ಖರ್ಚು ಓದಿ ಹೇಳುತ್ತಿದ್ದಾರೆ, ಇವನ ಅಹವಾಲು ಕೇಳುತ್ತಿದ್ದಾರೆ.

ಇದನ್ನು ಹಾಡಿ ಹೊಗಳುವ ಮೊದಲು ಕೊರತೆಯನ್ನೂ ಹೇಳಬೇಕು. ಸಭೆಗೆ ಮತದ ಅಧಿಕಾರವಿರಲಿಲ್ಲ, ಕೇಳುವ ಅವಕಾಶವಷ್ಟೇ. ಬಂದವರು ಗೆದ್ದು ಬಂದವರಲ್ಲ, ಆರಿಸಿ ಕಳಿಸಲ್ಪಟ್ಟವರು. ಚುನಾವಣೆ ಬಂದದ್ದು 1891ರಲ್ಲಿ, ಶಾಸನದ ಬಲ ಸಿಕ್ಕಿದ್ದು 1923ರಲ್ಲಿ. ಕೂಲಿಯವನು, ಅಸ್ಪೃಶ್ಯನೆನಿಸಿಕೊಂಡವನು, ಹೆಣ್ಣುಮಗಳು ಆ ಮೊದಲ ಸಭೆಯಲ್ಲಿರಲಿಲ್ಲ. ಆದರೂ ಒಮ್ಮೆ ತೆರೆದ ಬಾಗಿಲನ್ನು ಮುಂದಿನ ಯಾವ ದಿವಾನರಿಗೂ ಮುಚ್ಚಲಾಗಲಿಲ್ಲ. ಸಭೆ 1949ರವರೆಗೂ ನಡೆಯಿತು.

ಬಿಟ್ಟುಹೋದದ್ದು

1883ರ ಜನವರಿ 16ರಂದು ಅಮೆರಿಕದಲ್ಲಿ ಪೆಂಡಲ್ಟನ್ ಕಾಯಿದೆಗೆ ಸಹಿ ಬಿತ್ತು. ಕೆಲವು ಹುದ್ದೆಗಳಿಗಾದರೂ ಪರೀಕ್ಷೆ, ಅರ್ಹತೆ ಬೇಕೆಂದಾಯಿತು. ಗಾರ್ಫೀಲ್ಡ್ ಸಾವು ಎಬ್ಬಿಸಿದ ಆಕ್ರೋಶವಿಲ್ಲದಿದ್ದರೆ ಅದು ಅಷ್ಟು ಬೇಗ ಆಗುತ್ತಿರಲಿಲ್ಲ. ನಾಲ್ಕೇ ದಿನಕ್ಕೆ, ಜನವರಿ 20ರಂದು, ರಂಗಾಚಾರ್ಲು ಮದ್ರಾಸಿನಲ್ಲಿ ಕಣ್ಮುಚ್ಚಿದರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ.

ಮೈಸೂರಿನಲ್ಲೂ ಸಿವಿಲ್ ಸರ್ವೀಸ್ ಪರೀಕ್ಷೆ 1891ರಲ್ಲಿ ಬಂತು. ಪರೀಕ್ಷೆಯಿಂದ ಪ್ರಶ್ನೆ ಮುಗಿಯಲಿಲ್ಲ. ಮದ್ರಾಸಿನಿಂದ ಬಂದವರಿಗೆ ಹುದ್ದೆಗಳೆಲ್ಲ ಹೋಗುತ್ತಿವೆ ಎಂಬ ಕೂಗೆದ್ದಿತು. ರಂಗಾಚಾರ್ಲು ಅವರೂ ಅಲ್ಲಿಂದ ಬಂದವರೇ. ಓದುವ ಅವಕಾಶವೇ ಸಿಗದವರಿಗೆ ಪರೀಕ್ಷೆ ಯಾವ ನ್ಯಾಯ ಎಂದು ಹಿಂದುಳಿದವರು ಕೇಳಿದರು. ಈ ಪ್ರಶ್ನೆ ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಅದು ಹೇಳಿತು.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರಬಹುದು. ಹುದ್ದೆಗೆ ಹೋಗುವ ದಾರಿ ನ್ಯಾಯವಾಗಿರಬೇಕು. ಗಾರ್ಫೀಲ್ಡ್ ಹೆಸರಿನ ಜೊತೆ ಉಳಿದ ಪಾಠ ಅದು. ಕುರ್ಚಿಯಲ್ಲಿ ಕೂತ ಮೇಲೆ ಜನರಿಗೆ ಲೆಕ್ಕ ಒಪ್ಪಿಸಬೇಕು. ರಂಗಾಚಾರ್ಲು ಕಲಿಸಿದ್ದು ಅದು. ಮೊದಲನೆಯದಕ್ಕೆ ಕಾಯಿದೆ ಇದೆ, ಆಯೋಗವಿದೆ, ಕೋರ್ಟಿದೆ. ಎರಡನೆಯದು ನಡೆಯುವುದು ಗ್ರಾಮಸಭೆಯಲ್ಲಿ ಎದ್ದು ಜಮಾ ಖರ್ಚು ಕೇಳುವವರು ಇದ್ದರೆ ಮಾತ್ರ. ಹಾಗಾಗಿ ಪರೀಕ್ಷೆ ಪಾಸಾದವರಷ್ಟೇ, ಊರಲ್ಲೇ ಉಳಿದು ಪ್ರಶ್ನೆ ಕೇಳುವವರೂ ಈ ವಾರಸುದಾರಿಕೆಗೆ ಹಕ್ಕುದಾರರು.