ಸೋರುವ ಕವಾಟ, ಹಿಗ್ಗುವ ಹೃದಯ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಮಹಿಳಾ ಮಂಡಲ ಮತ್ತು ಯುವಕ ಮಂಡಲಗಳ ಸದಸ್ಯರಿಗಾಗಿ ಮಾಡಿದ ಭಾಷಣ)



ಕೊಳವೆಬಾವಿಯ ಕೈಪಂಪನ್ನು ನೀವೆಲ್ಲ ಒತ್ತಿದವರೇ. ಒಳಗಿನ ವಾಷರು ಸವೆದರೆ ಏನಾಗುತ್ತದೆ? ಎಷ್ಟು ಒತ್ತಿದರೂ ಕೊಡಕ್ಕೆ ಬೀಳುವ ನೀರು ಅರ್ಧ. ಉಳಿದದ್ದು ಹಿಂದಕ್ಕೇ ಜಾರಿಹೋಗುತ್ತದೆ. ಒತ್ತುವವರ ರಟ್ಟೆ ಸೋಲುತ್ತದೆ. ನಮ್ಮ ಹೃದಯಕ್ಕೂ ಇಂಥ ಗತಿ ಬರುವುದುಂಟು. ಅದನ್ನು ಸಕಾಲದಲ್ಲಿ ಅರಿಯುವ ಬಗೆಯನ್ನು ಇಂದು ವಿಚಾರಿಸೋಣ.

ಹೃದಯದ ಕೆಳಭಾಗದಲ್ಲಿ ಎರಡು ಕೋಣೆಗಳಿವೆ. ಇವಕ್ಕೆ ಹೃತ್ಕುಕ್ಷಿಗಳೆಂದು ಹೆಸರು. ಬಲಗಡೆಯದು ರಕ್ತವನ್ನು ಶ್ವಾಸಕೋಶಕ್ಕೂ ಎಡಗಡೆಯದು ಮೈಗೆಲ್ಲಕ್ಕೂ ನೂಕುತ್ತದೆ. ನೂಕಿದ ರಕ್ತ ಹಿಂದಿರುಗದಂತೆ ಕವಾಟಗಳು ತಡೆಯುತ್ತವೆ. ಮಕ್ಕಳಿಗೆ ಗಂಟಲು ನೋವು ಬಂದು, ಎರಡು ಮೂರು ವಾರಗಳ ಮೇಲೆ ಜ್ವರದೊಡನೆ ಕೀಲುಗಳು ಒಂದಾದ ಮೇಲೊಂದು ಬಾತರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಕೀಲು ವಾಸಿಯಾಗುತ್ತದೆ, ಆದರೆ ಕವಾಟಕ್ಕೆ ಆದ ಹಾನಿ ಉಳಿದುಬಿಡಬಹುದು. ಎಡಗಡೆಯ ಮಿಟ್ರಲ್ ಕವಾಟ ಸೋರತೊಡಗಿದರೆ, ಹಿಂದೆ ಹೋಗಿ ಮರಳಿದ ರಕ್ತವನ್ನೂ ಹೊಸ ರಕ್ತವನ್ನೂ ಹಿಡಿಸಿಕೊಳ್ಳಲು ಎಡ ಹೃತ್ಕುಕ್ಷಿ ಹಿಗ್ಗುತ್ತದೆ.

ಮೋಸವಿರುವುದು ಇಲ್ಲಿಯೇ. ಹಲವು ವರ್ಷ ರೋಗಿಗೆ ಏನೂ ಅನಿಸುವುದಿಲ್ಲ. ಅಡಿಕೆ ಹೆಕ್ಕುತ್ತಾರೆ, ಗುಡ್ಡೆ ಹತ್ತುತ್ತಾರೆ. ಆದರೆ ಅತಿಯಾಗಿ ಎಳೆದ ರಬ್ಬರು ಪಟ್ಟಿಯಂತೆ, ಹಿಗ್ಗಿದ ಹೃದಯ ಒಂದು ಹಂತ ದಾಟಿತೆಂದರೆ ಕವಾಟ ಸರಿಪಡಿಸಿದರೂ ಮೊದಲಿನ ಬಲಕ್ಕೆ ಬಾರದೆ ಹೋಗಬಹುದು. ಆದುದರಿಂದ ಏದುಸಿರು ಬರುವ ತನಕ ಕಾಯಬಾರದು.

ಮೊದಲ ಪರೀಕ್ಷೆ ಎಕೋ. ಅದರ ಚಿತ್ರ ಸ್ಪಷ್ಟವಾಗದಿದ್ದರೆ ವೈದ್ಯರು ದೊಡ್ಡ ಆಸ್ಪತ್ರೆಯಲ್ಲಿ ‘ಮುಗಾ’ ಎಂಬ ಪರೀಕ್ಷೆಗೆ ಬರೆದುಕೊಡುವುದುಂಟು. ಟೆಕ್ನೀಶಿಯಂ ಎಂಬ ವಿಕಿರಣ ವಸ್ತುವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ರಕ್ತದ ಕೆಂಪು ಕಣಗಳಿಗೆ ಅಂಟಿಸುತ್ತಾರೆ. ಗ್ಯಾಮಾ ಕ್ಯಾಮರಾ ಎದೆಯ ಮೇಲೆ ನಿಂತು, ಇ.ಸಿ.ಜಿ.ಯ ತಾಳಕ್ಕೆ ಸರಿಯಾಗಿ, ಕೋಣೆ ತುಂಬಿದಾಗ ಎಷ್ಟು ರಕ್ತ, ಕುಗ್ಗಿದಾಗ ಎಷ್ಟು ಎಂದು ಅಳೆಯುತ್ತದೆ.

ಒಂದು ಉದಾಹರಣೆ ನೋಡಿ. ಎಡ ಕೋಣೆ ತುಂಬಿದಾಗ 220 ಮಿಲಿಲೀಟರು, ಕುಗ್ಗಿದಾಗ 80. ನೂಕಿದ್ದು 140, ಅಂದರೆ ನೂರಕ್ಕೆ ಸುಮಾರು 64. ಒಳ್ಳೆಯ ಅಂಕವೆಂದು ಕಾಣುತ್ತದೆ. ಆದರೆ ಬಲ ಕೋಣೆ ನೂಕಿದ್ದು ಬರೇ 70. ಆರೋಗ್ಯವಂತರಲ್ಲಿ ಎರಡೂ ಸರಿಸುಮಾರು ಸಮವಾಗಿರಬೇಕು. ಹಾಗಾದರೆ ಮಿಕ್ಕ 70 ಎಲ್ಲಿಗೆ ಹೋಯಿತು? ಸೋರಿ ಹಿಂದಕ್ಕೆ! ಮಿಟ್ರಲ್ ಕವಾಟ ತೀವ್ರವಾಗಿ ಸೋರುವವರಲ್ಲಿ ಈ ಅಂಕ 60ಕ್ಕೆ ಇಳಿದರೆ, ಆಯಾಸವಿಲ್ಲದಿದ್ದರೂ ವೈದ್ಯರು ಶಸ್ತ್ರಕ್ರಿಯೆಯ ಮಾತೆತ್ತುತ್ತಾರೆ.

‘ಅಣು’ ಎಂದೊಡನೆ ಅಂಜಬೇಡಿ. ನಮ್ಮ ದೇಶದಲ್ಲಿ ಇಂಥ ವೈದ್ಯಕ್ಕೆಂದೇ ಮುಂಬಯಿಯಲ್ಲಿ 1963ರಲ್ಲಿ ರೇಡಿಯೇಶನ್ ಮೆಡಿಸಿನ್ ಸೆಂಟರ್ ಸ್ಥಾಪನೆಯಾಯಿತು. ಟೆಕ್ನೀಶಿಯಂನ ಶಕ್ತಿ ಪ್ರತಿ 6 ಗಂಟೆಗೆ ಅರ್ಧವಾಗುತ್ತದೆ. ಒಂದು ದಿನದಲ್ಲಿ 16ರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳಿಯದು. ಪ್ರಕೃತಿಯಿಂದ ಎರಡು ಮೂರು ವರ್ಷಗಳಲ್ಲಿ ತಾನಾಗಿ ಮೈಗೆ ತಗಲುವಷ್ಟೇ ವಿಕಿರಣ ಇದರಿಂದ ತಗಲುವುದು. ಆದರೂ ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಕೊನೆಗೆ, ಮನೆಯಲ್ಲಿ ನೆನಪಿಡಬೇಕಾದ ಮೂರು ಮಾತು:

1. ಮಕ್ಕಳ ಗಂಟಲು ನೋವನ್ನು ಕಷಾಯದಲ್ಲೇ ಮುಗಿಸದೆ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ.

2. ರುಮ್ಯಾಟಿಕ್ ಜ್ವರ ಬಂದವರಿಗೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು, ಕೊಯ್ಲಿನ ಕೆಲಸವಿದೆ, ಮದುವೆಯಿದೆ ಎಂದು ತಪ್ಪಿಸಬೇಡಿರಿ.

3. ‘ಹೃದಯದಲ್ಲಿ ಶಬ್ದವಿದೆ’ ಎಂದು ವೈದ್ಯರು ಹೇಳಿದರೆ ತಡಮಾಡದೆ ಎಕೋ ಮಾಡಿಸಿ, ಹೇಳಿದ ಅವಧಿಗೆ ಮತ್ತೆ ಹೋಗಿರಿ. ಹಳೆಯ ಕಾಗದಗಳನ್ನು ಜೋಪಾನವಾಗಿಡಿರಿ. ಹೋದ ವರ್ಷದ ಅಳತೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ಹೃದಯ ಹಿಗ್ಗುತ್ತಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು.

ಪಂಪಿನ ವಾಷರು ಸವೆದರೆ ಪೇಟೆಗೆ ಓಡುವ ನಾವು, ಎದೆಯ ಕವಾಟದ ವಿಷಯದಲ್ಲಿ ಉದಾಸೀನ ಮಾಡದಿರೋಣ.